ತಾತನ ಎಡೆ, ಅಪ್ಪನ ಸೊಪ್ಪು

ಮಂಡ್ಯದ ಡಾಕ್ಟರು ನನಗೆ ಮೊಮ್ಮಗನಾಗುವ ವಯಸ್ಸಿನವರು. ರಕ್ತಪರೀಕ್ಷೆಯ ಹಾಳೆಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, "ಅಜ್ಜಿ, ಈ ಸಲ ಹಬ್ಬ ಜೋರಾಗೇ ನಡೆದ ಹಾಗಿದೆ" ಅಂದರು. ಗೌರಿ ಹಬ್ಬಕ್ಕೆ ಮುಂಚೆ ತೆಗೆದ ರಕ್ತಕ್ಕೂ ದೀಪಾವಳಿ ಕಳೆದ ಮೇಲೆ ತೆಗೆದ ರಕ್ತಕ್ಕೂ ಸಂಬಂಧವೇ ಇಲ್ಲವಂತೆ. ಕೊಲೆಸ್ಟ್ರಾಲ್ ಅಷ್ಟು ಏರಿ ಕೂತಿದೆಯಂತೆ. ಪಕ್ಕದಲ್ಲಿದ್ದ ನನ್ನ ಮಗ ಮಹೇಶ, ನಾನು ಹೇಳಿರಲಿಲ್ಲವೇ ಅನ್ನುವ ಹಾಗೆ ತಲೆಯಾಡಿಸಿದ. ಅವರಿಬ್ಬರೂ ಕಡುಬು, ಒಬ್ಬಟ್ಟು, ಕಜ್ಜಾಯ ಅಂತ ಒಂದೊಂದೇ ಹೆಸರು ಹೇಳುತ್ತಿದ್ದರೆ ನನಗೆ ಅಲ್ಲೇ ಬಾಯಲ್ಲಿ ನೀರೂರುತ್ತಿತ್ತು. ನಾಚಿಕೆ ಇಲ್ಲದ ನಾಲಿಗೆ, ಏನು ಮಾಡುವುದು.

"ಹಬ್ಬದಲ್ಲಿ ತಿಂದರೆ ಯಾರಿಗಾದರೂ ಸ್ವಲ್ಪ ಏರುತ್ತೆ. ನಿಮಗೆ ಇಷ್ಟು ಏರಿದೆ ಅಂದರೆ ಮನೆತನದಲ್ಲೇ ಇರಬಹುದು. ನಿಮ್ಮ ತಂದೆಗೆ ಇತ್ತಾ? ತಾತನಿಗೆ?" ಅಂತ ಡಾಕ್ಟರು ಕೇಳಿದರು.

"ಆ ಕಾಲದಲ್ಲಿ ನಮಗೆ ಇದರ ಹೆಸರು ಗೊತ್ತಿರಲಿಲ್ಲ ಕಣಪ್ಪ" ಅಂದೆ. ಅವರು ನಕ್ಕು ಗುಳಿಗೆ ಬರೆದುಕೊಟ್ಟರು.

ಮದ್ದೂರಿಗೆ ವಾಪಸು ಬರುವಾಗ ಬಸ್ಸಿನ ಕಿಟಕಿ ಪಕ್ಕ ಕೂತಿದ್ದೆ. ಗೆಜ್ಜಲಗೆರೆಯಲ್ಲಿ ಫ್ಯಾಕ್ಟರಿ ಬಿಟ್ಟ ಜನ ನುಗ್ಗಿದರು. ಮಹೇಶ ಎದ್ದು ಯಾರಿಗೋ ಜಾಗ ಕೊಟ್ಟ. ಮದ್ದೂರಿನಲ್ಲಿ ಇಳಿದು ನಮ್ಮ ಹಳೇ ಬೀದಿಗೆ ತಿರುಗಿದ್ದೇ ತಡ, ಯಾವುದೋ ಮನೆಯ ಹಿತ್ತಲಿನಿಂದ ಕುರಿಯ ನೆಣ ಕರಗಿಸುವ ವಾಸನೆ ಬಂತು. ಕೊಬ್ಬು ಬಾಂಡಲೆಯಲ್ಲಿ ಚುರುಗುಟ್ಟಿ, ಬೆಳ್ಳುಳ್ಳಿ ಬಿದ್ದು, ಹೊಗೆಯ ಜೊತೆ ಹೊರಗೆ ಬರುವ ವಾಸನೆ. ಈಗ ಹಾಗೆ ಮಾಡುವವರೇ ಅಪರೂಪ. ನಾನು ಬೀದಿ ಮಧ್ಯೆ ನಿಂತುಬಿಟ್ಟೆ.

"ಏನಮ್ಮ, ಸುಸ್ತಾಯ್ತಾ?" ಅಂದ ಮಹೇಶ.

"ಇಲ್ಲ. ಸುಮ್ಮನೆ ನಿಂತೆ" ಅಂದೆ. ಹತ್ತು ವರ್ಷದ ಹುಡುಗಿಯಾಗಿ ಅಪ್ಪನ ಕೈ ಹಿಡಿದು ಅದೇ ಬೀದಿಯಲ್ಲಿ ನಿಂತಿದ್ದೆ ಅಂತ ಅವನಿಗೆ ಹೇಗೆ ಹೇಳಲಿ?

ಸ್ವಾತಂತ್ರ್ಯ ಬರುವುದಕ್ಕೆ ಹಿಂದಿನ ವರ್ಷದ ಮಾತು. ಅಪ್ಪ ಮದ್ದೂರಿನಲ್ಲಿ ಮೇಷ್ಟರಾಗಿದ್ದ. ನಮ್ಮ ಊರು ಮದ್ದೂರಿನ ಹತ್ತಿರದ ಕೊಪ್ಪ, ಅಲ್ಲಿ ಅಜ್ಜಿ ಗದ್ದೆ, ದನ ನೋಡಿಕೊಂಡು ಇದ್ದಳು. ಮದ್ದೂರಿನ ಮನೆಯಲ್ಲಿ ಅಪ್ಪ, ಅವ್ವ, ನಾನು, ನಾಲ್ಕು ವರ್ಷದ ತಮ್ಮ ಸಿದ್ದು, ಇಷ್ಟೇ ಜನ. ಆ ವರ್ಷ ಮಳೆ ನಿಲ್ಲುವ ಹಾಗೆ ಕಾಣುತ್ತಿರಲಿಲ್ಲ. ಶಿಂಷಾ ನದಿ ಕೆಂಪಗೆ, ಸದ್ದಿಲ್ಲದೆ, ದಡ ತುಂಬಿ ಹೋಗುತ್ತಿತ್ತು. ಬೆಳಗ್ಗೆ ಎದ್ದರೆ ಗದ್ದೆ ಬಯಲು ಮಂಜಿನಲ್ಲಿ ಮುಳುಗಿ, ಅದರ ಮೇಲೆ ತೆಂಗಿನ ಗರಿ ಮಾತ್ರ ಕಾಣುತ್ತಿತ್ತು. ನಾನು ಹೊಸಿಲ ಮೇಲೆ ಕೂತು, ಈಗ ಎದ್ದಿದ್ದೀನೋ ಇನ್ನೂ ಮಲಗಿದ್ದೀನೋ ಅಂತ ಗೊತ್ತಾಗದೆ ಎಷ್ಟೋ ಹೊತ್ತು ಹಾಗೇ ಇರುತ್ತಿದ್ದೆ. ಮಂಜಿನೊಳಗಿಂದ ಯಾರದೋ ಗಾಡಿಯ ಎತ್ತಿನ ಗಂಟೆ ಕೇಳುತ್ತಿತ್ತು, ಗಾಡಿ ಕಾಣುತ್ತಿರಲಿಲ್ಲ.

ಅಪ್ಪ ತಿಂಡಿಪೋತ. ಈ ಮಾತನ್ನು ಪ್ರೀತಿಯಿಂದಲೇ ಹೇಳುತ್ತಿದ್ದೇನೆ. ಅಕ್ಕಿ, ಸಕ್ಕರೆಗೆ ಜನ ಸಾಲು ನಿಲ್ಲುತ್ತಿದ್ದ ಕಾಲ ಅದು. ವಾರದ ದಿನಗಳಲ್ಲಿ ನಮಗೂ ಮುದ್ದೆ, ತಿಳಿಸಾರೇ. ಆದರೆ ಹಬ್ಬ ಬಂತೆಂದರೆ ಎಲ್ಲಿಂದಲೋ ಎಲ್ಲ ಬರುತ್ತಿತ್ತು. ಹಬ್ಬಕ್ಕೆ ಕಡಿಮೆ ಮಾಡುವ ಜನ ನಾವಲ್ಲ. ಬಿಸಿ ಮುದ್ದೆಗೆ ಗುಳಿ ತೋಡಿ, ಕರಗಿದ ನೆಣ ಸುರಿದುಕೊಂಡು, ಅಪ್ಪ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚುತ್ತಿದ್ದ. ಆ ತುತ್ತು ಗಂಟಲಿಳಿಯುವ ತನಕ ಕಣ್ಣು ಬಿಡುತ್ತಿರಲಿಲ್ಲ. ಕಜ್ಜಾಯಕ್ಕೂ ಹಾಗೆ, ತುಪ್ಪದ ಒಬ್ಬಟ್ಟಿಗೂ ಹಾಗೆ. ಅವ್ವ ನಗುತ್ತಿದ್ದಳು: "ಮೇಷ್ಟ್ರು ದ್ಯಾನಕ್ಕೆ ಕೂತವ್ರೆ, ಯಾರೂ ಮಾತಾಡಿಸ್ಬೇಡಿ."

ಆ ವರ್ಷ ಗೌರಿ ಹಬ್ಬದ ಮಾರನೇ ದಿನ ಅಪ್ಪನ ಜೊತೆ ಹೊಳೆ ದಡಕ್ಕೆ ಹೋಗಿದ್ದೆ. ಹಿಂದಿನ ದಿನ ಅವನು ಕಡುಬು ತಿಂದಿದ್ದಕ್ಕೆ ಲೆಕ್ಕವಿರಲಿಲ್ಲ. ದಡ ಹತ್ತಿ ಬರುವಾಗ ಅಪ್ಪ ನಿಂತ. ಕೈ ಎದೆಯ ಮೇಲಿತ್ತು. ಮುಖದ ಬೆವರು ಮಳೆಹನಿಯ ಜೊತೆ ಬೆರೆತು ಇಳಿಯುತ್ತಿತ್ತು. "ಏನಿಲ್ಲ ಕಣವ್ವ, ವಾಯು" ಅಂದ. ಸ್ವಲ್ಪ ಹೊತ್ತಿಗೆ ಸರಿಯಾಯಿತು. ಮನೆಗೆ ಬಂದಾಗ ಅವ್ವ ಜೀರಿಗೆ ಕಷಾಯ ಕೊಟ್ಟಳು. ಆದರೆ ನಾನು ಕಂಡದ್ದನ್ನು ಹೇಳಿದಾಗ ಅವಳ ಮುಖ ಕಪ್ಪಿಟ್ಟಿತು.

"ಮಾವನೂ ಇಂಗೇ ಎದೆ ಇಡ್ಕತಿದ್ರು" ಅಂದಳು ಅವ್ವ. "ನಾಳೆ ಮಂಡ್ಯಕ್ಕೆ ಓಗಿ ತೋರ್ಸ್ಕೊಂಡು ಬನ್ನಿ. ಒಬ್ರೇ ಓಗ್ಬೇಡಿ, ಇವಳ್ನೂ ಕರ್ಕೊಂಡೋಗಿ."

ರೈಲಿನಲ್ಲಿ ಮಂಡ್ಯಕ್ಕೆ ಹೋದೆವು. ಇಳಿಯುತ್ತಿದ್ದ ಹಾಗೆ ಸಕ್ಕರೆ ಕಾರ್ಖಾನೆಯ ಸಿಹಿ ಹೊಗೆ ಮೂಗಿಗೆ ಬಡಿಯಿತು. ಊರಿಗೆ ಊರೇ ಪಾಕ ಕಾಯಿಸುತ್ತಿದೆ ಅಂತ ನಾನು ತಿಳಿದುಕೊಂಡೆ. ಡಾಕ್ಟರು ವಯಸ್ಸಾದವರು, ಮೆತ್ತಗೆ ಮಾತಾಡುವವರು. ಅಪ್ಪನ ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ, "ನಿಮ್ಮ ತಂದೆ ಹೇಗೆ ತೀರಿಕೊಂಡರು?" ಅಂತ ಕೇಳಿದರು.

ಅಪ್ಪ ಹೇಳಿದ. ನಮ್ಮ ತಾತ ಹಿರಿಯರ ಹಬ್ಬದ ದಿನ ಸತ್ತಿದ್ದ. ತನ್ನ ಅಪ್ಪನ ಎಡೆಯನ್ನು ಉಂಡು, ಕೈ ತೊಳೆದು, ಎಲೆಅಡಿಕೆ ಹಾಕಿಕೊಂಡು ಜಗಲಿಯ ಮೇಲೆ ಒರಗಿದವನು ಏಳಲೇ ಇಲ್ಲ. ಕೊಪ್ಪದ ಜನ ಅದನ್ನು ಪುಣ್ಯದ ಸಾವು ಅಂದರು. ಹಿರಿಯರೇ ಬಂದು, ಜೊತೆಗೆ ಕೂತು ಉಂಡು, ಕೈ ಹಿಡಿದು ಕರೆದುಕೊಂಡು ಹೋದರು ಅಂದರು. ಅಜ್ಜಿ ಇವತ್ತಿಗೂ ಹಾಗೇ ಹೇಳುತ್ತಾಳೆ ಅಂತಲೂ ಅಪ್ಪ ಹೇಳಿದ.

ಡಾಕ್ಟರು ನಗಲಿಲ್ಲ. "ಚಳಿಗಾಲದಲ್ಲಿ ತುಪ್ಪದ ಗಿಂಡಿಯ ಮೂತಿ ಕಟ್ಟಿಕೊಳ್ಳೋದು ನೋಡಿದ್ದೀರಲ್ಲ ಮೇಷ್ಟ್ರೇ? ರಕ್ತ ಹರಿಯೋ ನಾಳದಲ್ಲೂ ಜಿಡ್ಡು ಹಾಗೇ ಕಟ್ಟುತ್ತೆ. ನಿಮ್ಮ ತಂದೆಗೆ ಆದದ್ದು ಅದೇ ಇರಬೇಕು. ನಿಮಗೂ ಶುರುವಾಗಿದೆ. ವಾರವೆಲ್ಲ ತಿನ್ನೋ ಮುದ್ದೆ ಸೊಪ್ಪು ನಿಮ್ಮನ್ನ ಕಾಯ್ತಾ ಇದೆ, ಹಬ್ಬದ ಊಟ ಕೆಡಿಸ್ತಾ ಇದೆ. ನೆಣ, ತುಪ್ಪ, ಕರಿದದ್ದು ಬಿಟ್ಟುಬಿಡಿ." ಎದ್ದು ಹೊರಟವರನ್ನು ಮತ್ತೆ ನಿಲ್ಲಿಸಿ, "ಗಂಡುಮಗ ಇದ್ದಾನಾ? ಅವನಿಗೂ ಈ ರುಚಿ ಹತ್ತಿಸಬೇಡಿ" ಅಂದರು.

ಮದ್ದೂರು ಸ್ಟೇಷನ್ನಿನಲ್ಲಿ ಇಳಿದಾಗ ವಡೆಯ ಬುಟ್ಟಿ ಹೊತ್ತವನು ಅಪ್ಪನ ಪರಿಚಯದವನೇ. "ಮೇಷ್ಟ್ರೇ, ಬಿಸಿ ಅವೆ" ಅಂದ. ಅಪ್ಪ ನನಗೊಂದು ಕೊಡಿಸಿ, ತಾನು ಬೇರೆ ಕಡೆ ತಿರುಗಿ ನಿಂತ. ನಾನು ತಿಂದು ಮುಗಿಸುವ ತನಕ ಹಳಿಯನ್ನೇ ನೋಡುತ್ತಿದ್ದ. ಡಾಕ್ಟರ ಮಾತು ನನಗೆ ಪೂರ್ತಿ ಅರ್ಥವಾಗಿರಲಿಲ್ಲ. ಅಪ್ಪ ವಡೆ ಬೇಡ ಅಂದ ಅನ್ನುವುದು ಅರ್ಥವಾಯಿತು, ಹೆದರಿಕೆ ಆಯಿತು.

ಆಮೇಲೆ ಪಿತೃಪಕ್ಷ ಬಂತು. ನಮ್ಮ ಕಡೆ ಹಿರಿಯರ ಹಬ್ಬ ಅಂದರೆ ಯುಗಾದಿ, ದೀಪಾವಳಿಗಿಂತ ದೊಡ್ಡದು. ತೀರಿಕೊಂಡವರು ಬದುಕಿದ್ದಾಗ ಏನು ಇಷ್ಟಪಡುತ್ತಿದ್ದರೋ ಅದನ್ನೇ ಮಾಡಿ, ಬಾಳೆ ಎಲೆಯ ಮೇಲೆ ಎಡೆ ಇಡಬೇಕು. ಬೀಡಿ ಸೇದುತ್ತಿದ್ದವರಿಗೆ ಬೀಡಿಯೂ ಸೈ. ದೀಪ ಹಚ್ಚಿ, ಧೂಪ ಹಾಕಿ, ಬಾಗಿಲು ಮುಂದಕ್ಕೆಳೆದು, ಮನೆಯವರೆಲ್ಲ ಹೊರಗೆ ಬಂದು ಕೂರಬೇಕು. ಆಗ ಹಿರಿಯರು ಬಂದು ಉಂಡು ಹೋಗುತ್ತಾರೆ. ಆಮೇಲೆ ಆ ಎಲೆಯ ಮುಂದೆ ಹಿರಿಯ ಮಗ ಕೂತು, ಒಂದು ಅಗುಳೂ ಬಿಡದೆ ಉಣ್ಣಬೇಕು. ಬಿಟ್ಟರೆ ಸತ್ತವರು ಅರೆಹೊಟ್ಟೆಯಲ್ಲಿ ಹಿಂದಿರುಗಿದ ಹಾಗೆ. ನಮ್ಮ ತಾತನಿಗೆ ಇಷ್ಟವಾದದ್ದು ಹುರಿದ ನೆಣ, ತಲೆಮಾಂಸ, ತುಪ್ಪದಲ್ಲಿ ಮುಳುಗಿದ ಒಬ್ಬಟ್ಟು, ಕಜ್ಜಾಯ. ಹಿರಿಯ ಮಗ ನಮ್ಮ ಅಪ್ಪ.

ಹಬ್ಬ ನಡೆಯುವುದು ಕೊಪ್ಪದ ಮನೆಯಲ್ಲಿ, ನೆಣ ಮಾತ್ರ ಮದ್ದೂರಿನ ಹೈದರ್ ಸಾಬರ ಅಂಗಡಿಯಿಂದಲೇ ಹೋಗಬೇಕಿತ್ತು. ಅವರ ತಂದೆಯ ಕಾಲದಿಂದ ತಾತ ಅಲ್ಲೇ ಕೊಳ್ಳುತ್ತಿದ್ದನಂತೆ. ನಮ್ಮ ಬೀದಿಯ ಕೊನೆಯಲ್ಲೇ ಆ ಅಂಗಡಿ, ಅದರ ಹಿಂದೆ ಅವರ ಮನೆ. ಅವತ್ತು ಹೋದಾಗ ಅವರ ಹಿತ್ತಲಲ್ಲಿ ನೆಣ ಕರಗಿಸುತ್ತಿದ್ದರು. ಅಪ್ಪ ನನ್ನ ಕೈ ಹಿಡಿದು ಬೀದಿಯಲ್ಲೇ ನಿಂತ. ಕಣ್ಣು ಮುಚ್ಚಿದ್ದ. ತುಂತುರು ಬೀಳುತ್ತಿತ್ತು, ಹೊಗೆ ಮೇಲೆ ಹೋಗಲಾರದೆ ನೆಲದಲ್ಲೇ ಹರಡಿ ನಮ್ಮ ಸುತ್ತ ಆಡುತ್ತಿತ್ತು. ಎಷ್ಟು ಹೊತ್ತು ಹಾಗೆ ನಿಂತೆವೋ ಗೊತ್ತಿಲ್ಲ. ಈಗ ನೆನೆಸಿಕೊಂಡರೆ ಇಡೀ ಆ ಮಳೆಗಾಲ ನಾವಿಬ್ಬರೂ ಅಲ್ಲೇ ನಿಂತಿದ್ದೆವೇನೋ ಅನ್ನಿಸುತ್ತದೆ.

ಹೈದರ್ ಸಾಬರು ತೂಗಿ ಕೊಟ್ಟ ಮೇಲೆ, ಪ್ರತಿ ವರ್ಷದ ಹಾಗೆ, ಒಂದು ಹಿಡಿ ನೆಣವನ್ನು ಕೊಸರಾಗಿ ಮೇಲೆ ಹಾಕಿದರು. "ಇದು ನಿಮಗೆ ಮೇಷ್ಟ್ರೇ, ನಿಮ್ಮ ತಂದೆಗಲ್ಲ" ಅಂದರು.

"ಬೇಡ ಸಾಬರೇ" ಅಂದ ಅಪ್ಪ.

ಅವರ ಮುಖ ಸಪ್ಪಗಾಯಿತು. "ಯಾಕೆ, ನನ್ನ ಮೇಲೆ ನಾರಾಜಾ? ಏನಾದ್ರೂ ತಪ್ಪಾಯ್ತಾ?"

ಅಪ್ಪ ಡಾಕ್ಟರು ಹೇಳಿದ್ದನ್ನು ಹೇಳಿದ. ಸಾಬರು ಕೊಸರನ್ನು ಮೆಲ್ಲಗೆ ವಾಪಸು ತೆಗೆದಿಟ್ಟರು. ಕಟ್ಟಿದ ಪೊಟ್ಟಣವನ್ನೂ ನೋಡಿದರು. "ಹಂಗಾದ್ರೆ ಇದನ್ನ ಯಾರು ತಿಂತಾರೆ?" ಅಂತ ಕೇಳಿದರು. ಅಪ್ಪ ಪೊಟ್ಟಣ ಎತ್ತಿಕೊಂಡ.

ಕೊಪ್ಪಕ್ಕೆ ಎತ್ತಿನ ಗಾಡಿಯಲ್ಲಿ ಹೋದೆವು. ಕಬ್ಬಿನ ಗದ್ದೆಗಳ ನಡುವೆ ದಾರಿ. ಕಮಾನಿನ ಮೇಲೆ ಮಳೆ ಹನಿಯುವ ಸದ್ದಿಗೆ ಸಿದ್ದು ಅವ್ವನ ಮಡಿಲಲ್ಲಿ ನಿದ್ದೆ ಮಾಡಿದ. ಅವ್ವ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು, ದೊಡ್ಡ ದನಿಯಲ್ಲಿ ಅಲ್ಲ, ಗಾಡಿಯ ಕುಲುಕಾಟಕ್ಕೆ ತಕ್ಕ ಹಾಗೆ: "ಅತ್ತೆಗೆ ಏಳ್ಬುಡಿ. ಬಾಯ್ಬುಟ್ಟು ಏಳ್ಬುಡಿ."

ಅಪ್ಪ ಹೇಳಿದ. ಅಜ್ಜಿ ಒಬ್ಬಟ್ಟಿಗೆ ಬೇಳೆ ರುಬ್ಬುತ್ತಿದ್ದಳು. ಗುಂಡುಕಲ್ಲು ನಿಲ್ಲಿಸದೆ ಕೇಳಿಸಿಕೊಂಡಳು.

"ಒಂದಿನ ಉಂಡ್ರೆ ಏನಾದದ್ಲಾ?" ಅಂದಳು. "ವರ್ಸೆಲ್ಲ ಉಣ್ಣು ಅಂದ್ನಾ ನಾನು? ನಿಮ್ಮಪ್ಪ ವರ್ಸಕ್ಕೊಂದು ದಿನ ಬತ್ತನೆ. ಅವ್ನ ಎಲೆ ಮುಂದೆ ಕೂತು, ಡಾಕುಟ್ರು ಬ್ಯಾಡ ಅಂದವ್ರೆ ಅಂತ ಏಳಿಯಾ?"

"ಅಪ್ಪ ಸತ್ತದ್ದೂ ಅದರಿಂದಲೇ ಕಣವ್ವ."

ಆಗ ಗುಂಡುಕಲ್ಲು ನಿಂತಿತು. "ಆ ಮಾತಾಡ್ಬೇಡ. ಅವ್ನು ಪುಣ್ಯವಂತ. ಕೈ ಇಡ್ಕೊಂಡು ಕರ್ಕೊಂಡೋದ್ರು ಅವುನ್ನ. ನಾನು ಮಾಡಿಕ್ಕಿದ್ದು ತಿಂದು ಸತ್ತ ಅಂತೀಯಾ ನನ್ನ ಗಂಡ?"

ಅಪ್ಪ ಎದ್ದು ಕೊಟ್ಟಿಗೆಯ ಕಡೆ ಹೋದ. ಅವತ್ತು ನನಗೆ ಅಜ್ಜಿಯ ಮೇಲೆ ತುಂಬ ಕೋಪ ಬಂದಿತ್ತು. ಗಂಡ ಸತ್ತದ್ದನ್ನು ಪುಣ್ಯ ಅಂತ ನಂಬಿಕೊಂಡು ಬದುಕುತ್ತಿದ್ದ ಹೆಂಗಸಿನ ಹತ್ತಿರ ಆ ನಂಬಿಕೆಯನ್ನೇ ಕಿತ್ತುಕೊಂಡರೆ ಅವಳಿಗೆ ಉಳಿಯುವುದೇನು ಅಂತ ಈಗ ಅನ್ನಿಸುತ್ತದೆ.

ಇಡೀ ದಿನ ಮನೆಯಲ್ಲಿ ಬೆಂಕಿ ಆರಲಿಲ್ಲ. ಅವ್ವ ಕಜ್ಜಾಯ ಬೇಯಿಸುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಹೊಗೆ ಅಂತ ಹೇಳಿದಳು. ಅಜ್ಜಿ ತಾನೇ ನಿಂತು ನೆಣ ಹುರಿದಳು, ತಾತನಿಗೆ ಬೇಕಾದ ಹದಕ್ಕೆ, ಅಂಚು ಕೆಂಪಗಾಗುವ ತನಕ. ಅಪ್ಪ ಒಳಗೂ ಇರಲಾರದೆ ಹೊರಗೂ ಇರಲಾರದೆ ಕೊಟ್ಟಿಗೆಗೂ ಅಂಗಳಕ್ಕೂ ಓಡಾಡುತ್ತಿದ್ದ. ಅವನಿಗೆ ಹೆದರಿಕೆಯೂ ಇತ್ತು, ಆಸೆಯೂ ಇತ್ತು. ಒಂದು ಸಲ ಅಡುಗೆಮನೆ ಬಾಗಿಲಿಗೆ ಬಂದು ಬಾಂಡಲೆಯನ್ನು ನೋಡಿ ಎಂಜಲು ನುಂಗಿದ್ದನ್ನು ನಾನು ಕಂಡೆ. ಬೇಡದ ಊಟವಾಗಿದ್ದರೆ ಬಿಡುವುದು ಎಷ್ಟು ಸುಲಭವಾಗಿತ್ತು.

ಮುಸ್ಸಂಜೆಗೆ ಎಡೆ ಇಟ್ಟರು. ಅಗಲವಾದ ಬಾಳೆ ಎಲೆ, ತಾತನ ಪಂಚೆ, ದೀಪ. ಧೂಪದ ಹೊಗೆಯಲ್ಲಿ ಎಲೆಯ ಮೇಲಿನದೆಲ್ಲ ತೇಲುತ್ತಿರುವ ಹಾಗೆ ಕಂಡಿತು. ಎಲ್ಲರೂ ಕೈಮುಗಿದು ಹೊರಗೆ ಬಂದೆವು. ಅಜ್ಜಿ ಬಾಗಿಲು ಮುಂದಕ್ಕೆಳೆದಳು. ಮಳೆ ನಿಂತಿತ್ತು. ಹೆಂಚಿನಿಂದ ಹನಿ ತೊಟ್ಟಿಕ್ಕುತ್ತಿತ್ತು, ಗದ್ದೆಯ ಕಡೆಯಿಂದ ಕಪ್ಪೆಗಳ ಸದ್ದು. ಜಗಲಿಯ ಮೇಲೆ ಹಬ್ಬಕ್ಕೆ ಬಂದ ನೆಂಟರೆಲ್ಲ ಗುಸುಗುಸು ಮಾತಾಡಿಕೊಂಡು ಕೂತರು. ಮುಚ್ಚಿದ ಬಾಗಿಲ ಸಂದಿಯಲ್ಲಿ ದೀಪದ ಗೆರೆಯೊಂದು ಅಲುಗುತ್ತಿತ್ತು. ತಾತ ಒಳಗೆ ಪಂಚೆ ಸರಿಮಾಡಿಕೊಂಡು ಕೂತಿದ್ದಾನೆ ಅಂತ ನನಗೆ ಯಾವ ಅನುಮಾನವೂ ಇರಲಿಲ್ಲ. ನಿಜ ಹೇಳಬೇಕೆಂದರೆ ಇವತ್ತಿಗೂ ಇಲ್ಲ.

ಸಿದ್ದು ಅಪ್ಪನ ತೊಡೆಯ ಮೇಲಿದ್ದ. "ಅಜ್ಜಿ, ತಾತ ಉಣ್ತಾವ್ನಾ?" ಅಂತ ಕೇಳಿದ.

"ಊಂ ಕಣಪ್ಪ. ಸಬ್ದ ಮಾಡ್ಬೇಡ."

ಸಿದ್ದು ಅಪ್ಪನ ಮುಖ ನೋಡಿದ. "ಅಪ್ಪ ಸತ್ತೋದ್ರೂ ಇಂಗೇ ಬಂದು ಉಣ್ತನಾ?"

"ಬುಡ್ತು ಅನ್ಲಾ" ಅಂತ ಅಜ್ಜಿ ಗದರಿದಳು. ಅವ್ವ ಅವನ ಬಾಯಿಗೆ ಕೈ ಅಡ್ಡ ಇಟ್ಟಳು.

"ಬುಡ್ತು" ಅಂದ ಅವನು ಕೈಯ ಸಂದಿಯಿಂದಲೇ. ಆಮೇಲೆ ಕೈ ಸರಿಸಿ, ಅಪ್ಪನಿಗೆ ಸಮಾಧಾನ ಹೇಳುವ ಹಾಗೆ, "ನಾನು ನಿಂಗೆ ನೆಣ ಇಕ್ತೀನಿ ಕಣಪ್ಪ. ಕಜ್ಜಾಯನೂ ಇಕ್ತೀನಿ. ನೀನು ಉಂಡೋದ್ಮೇಲೆ ಎಲ್ಲಾ ನಾನೇ ತಿಂತೀನಿ, ಒಂಚೂರೂ ಬುಡಕ್ಕಿಲ್ಲ. ದೊಡ್ಮಗ ತಾನೆ ತಿನ್ನಾದು, ಅಲ್ವಾ ಅಜ್ಜಿ?" ಅಂದ.

ಅಪ್ಪ ಮಗನ ತಲೆಯನ್ನು ನೇವರಿಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿಬಿಟ್ಟ. ಡಾಕ್ಟರು ಬಾಗಿಲಲ್ಲಿ ನಿಲ್ಲಿಸಿ ಹೇಳಿದ ಮಾತು ಅವನಿಗೆ ಆಗ ಕೇಳಿಸಿರಬೇಕು. ಅಜ್ಜಿ ಅಪ್ಪನನ್ನು ನೋಡಿದಳು, ಸಿದ್ದುವನ್ನು ನೋಡಿದಳು, ಮುಚ್ಚಿದ ಬಾಗಿಲನ್ನು ನೋಡಿದಳು.

ಹೊತ್ತಾದ ಮೇಲೆ ಬಾಗಿಲು ತಟ್ಟಿ, ತಾತನಿಗೆ ತಿಳಿಸಿ, ತೆಗೆದರು. ಅಪ್ಪ ಕೈಕಾಲು ತೊಳೆದು ಎಲೆಯ ಮುಂದೆ ಕೂತ. ಅವ್ವ ಕಂಬ ಹಿಡಿದುಕೊಂಡು ನಿಂತಿದ್ದಳು. ಅಪ್ಪ ನೆಣಕ್ಕೆ ಕೈ ಹಾಕಿದ. ನನಗೆ ಕೂಗಬೇಕು ಅನ್ನಿಸಿತು.

ಅಜ್ಜಿ ಬಂದು ಅವನ ರಟ್ಟೆ ಹಿಡಿದಳು. "ಎದ್ದೇಳು" ಅಂದಳು.

ನೆಂಟರಲ್ಲಿ ಯಾರೋ, "ಏನ್ ನಿಂಗಮ್ಮ, ಮಗ ಉಣ್ಣಬ್ಯಾಡ್ವಾ?" ಅಂದರು.

"ಅವ್ನು ನನ್ನ ಗಂಡ" ಅಂದಳು ಅಜ್ಜಿ. "ಬದುಕಿರಗಂಟ ಅವ್ನು ಉಂಡ ಎಲೇಲೇ ಉಂಡಿವ್ನಿ. ಅವ್ನ ಎಂಜ್ಲು ಉಣ್ಣಕ್ಕೆ ನನ್ಗಿಂತ ಅಕ್ಕು ಯಾರ್ಗದೆ? ಮಗುನ್ ಸರದಿ ಆಯ್ತು, ಇನ್ಮೇಲೆ ನಂದು."

ಅವಳು ಎಲೆಯ ಮುಂದೆ ಕೂತು ಪ್ರತಿಯೊಂದರಿಂದಲೂ ಒಂದು ತುತ್ತು ತಿಂದಳು. ಮಿಕ್ಕಿದ್ದನ್ನು ಚಿಟಿಕೆ ಚಿಟಿಕೆಯಾಗಿ ಅಲ್ಲಿದ್ದ ನೆಂಟರಿಗೆಲ್ಲ ಹಂಚಿದಳು. ಒಂದು ಅಗುಳೂ ಉಳಿಯಲಿಲ್ಲ. ಅಪ್ಪನ ಕೈಗೆ ಎಡೆಯಲ್ಲಿದ್ದ ಬಾಳೆಹಣ್ಣು ಕೊಟ್ಟಳು. ಅಪ್ಪ ಅದನ್ನು ಸುಲಿದು, ಮೂಲೆಯಲ್ಲಿ ಕೂತು, ಅಳುತ್ತಾ ತಿಂದ. ಗಂಡಸರು ಅಳುವುದನ್ನು ನಾನು ಆವತ್ತೇ ಮೊದಲು ನೋಡಿದ್ದು. ಅಜ್ಜಿ ಕೈ ತೊಳೆದು, ತಾತನ ಪಂಚೆಯನ್ನು ಮಡಿಸಿ ಮಡಿಲಲ್ಲಿಟ್ಟುಕೊಂಡು, ದೀಪ ಸಣ್ಣಗಾಗುವ ತನಕ ಅಲ್ಲೇ ಕೂತಿದ್ದಳು.

ಮಾರನೇ ದಿನ ಬೆಳಗ್ಗೆ ಅಪ್ಪ ಬೇಗ ಎದ್ದು ಗದ್ದೆಯ ಬದುವಿಗೆ ಹೋದ. ಮಂಜು ಇನ್ನೂ ಬಿಟ್ಟಿರಲಿಲ್ಲ. ಮಡಿಲ ತುಂಬ ಸೊಪ್ಪು ಕೊಯ್ದುಕೊಂಡು, ಒದ್ದೆ ಪಂಚೆಯಲ್ಲಿ ಮಂಜಿನೊಳಗಿಂದ ನಡೆದು ಬಂದ. ಅವ್ವನ ಮುಂದೆ ಸುರಿದು, ಅಂಗಳಕ್ಕೆಲ್ಲ ಕೇಳಿಸುವ ಹಾಗೆ, "ಬಸ್ಸಾರು ಮಾಡು. ನನಗೆ ಬಸ್ಸಾರು ಅಂದ್ರೆ ಪ್ರಾಣ" ಅಂದ.

ಅವ್ವ ಅವನ ಮುಖವನ್ನೇ ನೋಡಿದಳು. ಸೊಪ್ಪಿನ ಸಾರಿನ ದಿನ ಮುಖ ಊದಿಸಿಕೊಂಡು ಉಣ್ಣುತ್ತಿದ್ದವನು ಅವನು. ಮಧ್ಯಾಹ್ನ ಸಿದ್ದುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮುದ್ದೆ ಮುರಿದು, ಸೊಪ್ಪಿನ ಪಲ್ಯ ನಂಚಿಕೊಂಡು, "ಆಹಾ, ಇದರ ಮುಂದೆ ಯಾವುದಿದೆ ಮಗ?" ಅಂದ. ಕಣ್ಣು ಬಿಟ್ಟುಕೊಂಡೇ ಉಂಡ. ನಾನು ಗಮನಿಸಿದೆ.

ಅಲ್ಲಿಂದ ಅದೇ ಪಾಠ. ಆ ವರ್ಷದ ದೀಪಾವಳಿಗೆ ಕಜ್ಜಾಯದ ತಟ್ಟೆ ಬಂದರೆ ಅಪ್ಪ ಪಕ್ಕಕ್ಕೆ ಸರಿಸಿ, "ಕೀರೆಸೊಪ್ಪು ಇಲ್ವಾ?" ಅಂದ. ನೆಂಟರ ಮನೆಗೆ ಹೋದರೂ ಅದೇ, ಸ್ಕೂಲಿನಲ್ಲೂ ಅದೇ. ಒಂದೆರಡು ವರ್ಷದಲ್ಲಿ ಊರವರೆಲ್ಲ ಅವನನ್ನು ಸೊಪ್ಪಿನ ಮೇಷ್ಟ್ರು ಅನ್ನತೊಡಗಿದರು. ನೆಂಟರು ಅವನು ಬಂದರೆ ಮೊದಲು ಹಿತ್ತಲಿಗೆ ಹೋಗಿ ಸೊಪ್ಪು ಕೊಯ್ಯುತ್ತಿದ್ದರು. ಜಗಲಿಯ ಮೇಲೆ ತಾನಾಡಿದ ಮಾತನ್ನು ಸಿದ್ದು ಪೂರ್ತಿ ಮರೆತ. ಅವನಿಗೆ ಗೊತ್ತಿದ್ದ ಅಪ್ಪ ಬಸ್ಸಾರಿಗೆ ಪ್ರಾಣ ಬಿಡುವ ಅಪ್ಪ. ಅಜ್ಜಿ ಪ್ರತಿ ವರ್ಷ ತಾತನ ಎಡೆಯ ಮುಂದೆ ತಾನೇ ಕೂತು, ಹಂಚಿ, ಎದ್ದಳು. ಹಾಗೆ ಏಕೆ ಮಾಡಿದೆ ಅಂತ ಅವಳು ಯಾರಿಗೂ ಹೇಳಲಿಲ್ಲ. ಅವಳು ತೀರಿಕೊಂಡ ಮೇಲೂ ನಮ್ಮ ಮನೆಯಲ್ಲಿ ತಾತನ ಎಡೆಯನ್ನು ಹಾಗೇ ಹಂಚುತ್ತಾರೆ.

ನನ್ನ ಮದುವೆಯ ಬೀಗರೂಟದ ದಿನ ಅಪ್ಪ ಎಲ್ಲೂ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಹಿತ್ತಲಲ್ಲಿ, ಬಾಡು ಬೇಯುವ ದೊಡ್ಡ ಹಂಡೆಯ ಆಚೆ, ಸೀಬೆಮರದ ಕೆಳಗೆ ನಿಂತಿದ್ದ. ಕಣ್ಣು ಮುಚ್ಚಿದ್ದ.

"ಏನಪ್ಪ ಮಾಡ್ತಿದ್ದೀಯ?" ಅಂದೆ.

ಬೆಚ್ಚಿ ಕಣ್ಣು ಬಿಟ್ಟ. ನಾನು ಅಂತ ಗೊತ್ತಾದ ಮೇಲೆ ನಕ್ಕ. "ಮೂಸ್ತಾ ಇದ್ದೀನಿ ಕಣವ್ವ. ಮೂಸಬೇಡ ಅಂತ ಡಾಕ್ಟರು ಹೇಳಿರಲಿಲ್ಲವಲ್ಲ."

"ಸೊಪ್ಪು ಅಂದ್ರೆ ಪ್ರಾಣ ಅಂತ ಎಲ್ಲರ ಮುಂದೆ ಹೇಳ್ಕೊಂಡು ತಿರುಗ್ತೀಯಲ್ಲ?"

ಅಪ್ಪ ಸುತ್ತ ನೋಡಿದ. "ನಾಳೆ ನಾನು ಹೋದ ಮೇಲೆ ನನಗೆ ಇಷ್ಟವಾದದ್ದನ್ನೇ ಎಡೆ ಇಡ್ತಾನೆ ನಿನ್ನ ತಮ್ಮ. ಇಟ್ಟಿದ್ದನ್ನ ಅವನೇ ಉಣ್ಣಬೇಕು. ನನ್ನಪ್ಪನ ಇಷ್ಟ ಉಂಡು ನಾನು ಹೋಗ್ತಿದ್ದೆ. ನನ್ನ ಇಷ್ಟ ಉಂಡು ಅವನು ಹೋಗಬೇಕಾ?" ಸೀಬೆಯ ಎಲೆಯೊಂದನ್ನು ಕಿತ್ತು ಬೆರಳಲ್ಲಿ ಹಿಸುಕಿದ. "ಸಿದ್ದು ಮುಂದೆ ಈ ಮಾತು ಆಡಬೇಡ" ಅಂದ.

ಅಪ್ಪ ಆ ಮಳೆಗಾಲದ ನಂತರ ಬಹಳ ವರ್ಷ ಬದುಕಿದ. ಮಹೇಶನನ್ನು ಎತ್ತಿ ಆಡಿಸಿದ, ಅವನಿಗೆ ಕಾಗುಣಿತ ಕಲಿಸಿದ. ಅವನು ಹೋದ ಮೇಲೆ ಪ್ರತಿ ಪಿತೃಪಕ್ಷಕ್ಕೂ ಸಿದ್ದು ಅಪ್ಪನ ಎಲೆಯ ಮೇಲೆ ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ ಇಡುತ್ತಾನೆ. ಆಮೇಲೆ ತಾನು ಕೂತು ಎಲೆ ಬಳಿದು ಉಣ್ಣುತ್ತಾನೆ. "ಅಪ್ಪಂಗೆ ಇದಂದ್ರೆ ಪ್ರಾಣ ಕಣಕ್ಕ" ಅಂತ ಪ್ರತಿ ವರ್ಷ ನನಗೇ ಹೇಳುತ್ತಾನೆ. "ಊಂ ಕಣಪ್ಪ" ಅನ್ನುತ್ತೇನೆ. ಅವನಿಗೂ ಈಗ ತಲೆ ಪೂರ್ತಿ ಬೆಳ್ಳಗಾಗಿದೆ, ಗದ್ದೆಯ ಬದುವಿನ ಮೇಲೆ ನನಗಿಂತ ಚುರುಕಾಗಿ ನಡೆಯುತ್ತಾನೆ. ಬಾಗಿಲು ಮುಚ್ಚಿಕೊಂಡು ಜಗಲಿಯಲ್ಲಿ ಕೂತಾಗೆಲ್ಲ, ಒಳಗೆ ಸೊಪ್ಪಿನ ಎಲೆಯ ಮುಂದೆ ಕೂತ ಅಪ್ಪ ನನಗೆ ನೆನಪಾಗುತ್ತಾನೆ. ಬದುಕಿದ್ದಾಗ ಬಿಟ್ಟದ್ದು ಸಾಲದೆ, ಸತ್ತ ಮೇಲೂ ಅವನಿಗೆ ಅದು ಸಿಗಲಿಲ್ಲ.

ಇಷ್ಟನ್ನೂ ಆ ಬೀದಿಯಲ್ಲಿ ನಿಂತು ಮಹೇಶನಿಗೆ ಹೇಳಿದೆ. ಅವನು ನನ್ನ ಕೈಚೀಲ ಹಿಡಿದುಕೊಂಡು, ಕೇಳಿಸಿಕೊಂಡು, ಆಮೇಲೆ ನಿಧಾನವಾಗಿ ನನ್ನನ್ನು ಮನೆಗೆ ನಡೆಸಿಕೊಂಡು ಬಂದ. ಸಿದ್ದು ಮಾವನಿಗೆ ಹೇಳಬೇಡ ಅಂದೆ. ಇಲ್ಲ ಅಂದ.

ಮನೆಯಲ್ಲಿ ಸೊಸೆ ದೀಪಾವಳಿಯಲ್ಲಿ ಮಿಕ್ಕ ಪಾಕದ ಹಿಟ್ಟಿನಲ್ಲಿ ಕೊನೆಯ ಕಜ್ಜಾಯಗಳನ್ನು ಬೇಯಿಸುತ್ತಿದ್ದಳು. ಬೆಲ್ಲ, ಎಳ್ಳು, ತುಪ್ಪದ ವಾಸನೆ ನಡುಮನೆಯ ತುಂಬ ಇತ್ತು. ಮಹೇಶನ ಮಗಳು ಚಿನ್ನಿ ಬಿಸಿ ಕಜ್ಜಾಯವೊಂದನ್ನು ಕೈಯಿಂದ ಕೈಗೆ ಬದಲಿಸುತ್ತಾ ಓಡಿಬಂದು ನನ್ನ ತೊಡೆಗೆ ಒರಗಿದಳು. ಆರು ವರ್ಷ ಅವಳಿಗೆ. ಮೊನ್ನೆಯ ಹಿರಿಯರ ಹಬ್ಬದಲ್ಲಿ ಮುಚ್ಚಿದ ಬಾಗಿಲ ಸಂದಿಯಲ್ಲಿ ಇಣುಕಿ ಬೈಸಿಕೊಂಡಿದ್ದಳು; ಅವತ್ತಿನಿಂದ ಅವಳ ತಲೆಯಲ್ಲಿ ಅದೇ ಓಡುತ್ತಿತ್ತು.

"ಅಜ್ಜಿ, ಮುತ್ತಾತಂಗೆ ಸೊಪ್ಪು ಇಷ್ಟ ಅಂತ ಸೊಪ್ಪು ಇಟ್ರಲ್ಲ. ನಿಂಗೆ ಏನಿಷ್ಟ?" ಅಂತ ಕೇಳಿದಳು. ಅರ್ಧ ಮುರಿದ ಕಜ್ಜಾಯವನ್ನು ನನ್ನ ಬಾಯಿಯ ಹತ್ತಿರ ಹಿಡಿದಿದ್ದಳು.

ವಾಸನೆ ಒಳಗೆಳೆದುಕೊಂಡೆ. ಕಣ್ಣು ತಾನಾಗಿ ಮುಚ್ಚಿಕೊಂಡಿತು. ತೆರೆದಾಗ ಮಹೇಶ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ನಾಳೆ ನನ್ನ ಎಡೆಯ ಮುಂದೆ ಕೂತು ಉಣ್ಣಬೇಕಾದವನು ಅವನು. ಅವನಾದ ಮೇಲೆ ಅವನ ಎಡೆಗೆ ಇವಳು. ಮಹೇಶ ಹುಟ್ಟಿದಾಗಿನಿಂದ ನಾನು ಕಜ್ಜಾಯ ಕದ್ದು ತಿನ್ನುವುದನ್ನು ಕಂಡವನು.

"ಸೊಪ್ಪು ಕಣವ್ವ" ಅಂದೆ. "ಬಸ್ಸಾರು, ಮುದ್ದೆ. ಅದಂದ್ರೆ ನನಗೆ ಪ್ರಾಣ."

ಚಿನ್ನಿ ಅನುಮಾನದಿಂದ ತಿರುಗಿ ಅಪ್ಪನನ್ನು ನೋಡಿದಳು. "ಹೌದಾ ಅಪ್ಪ?"

ಮಹೇಶನ ಕಣ್ಣು ತುಂಬಿತ್ತು. "ಹೌದು ಮಗಳೇ" ಅಂದ. "ಅಜ್ಜಿಗೆ ಮೊದಲಿಂದಲೂ ಸೊಪ್ಪೇ ಇಷ್ಟ."